ಎಡಗಡೆಯ ಚಕ್ರ

13 ಸೆಪ್ಟೆಂಬರ್ 2025, ಶನಿವಾರ ರಾತ್ರಿ
ಪೆರ್ಲ

ಬೆಳಿಗ್ಗೆ ವಿಟ್ಲದಲ್ಲಿ ಅಡಿಕೆ ಕೊಟ್ಟು ಬರುತ್ತಿದ್ದೆವು. ಅಡ್ಕಸ್ಥಳದ ಹತ್ತಿರ ಮಗ ಹೇಳಿದ, "ಅಪ್ಪಾ, ಏನೋ ಸುಟ್ಟ ವಾಸನೆ." ಪಿಕಪ್ ಬದಿಗೆ ಹಾಕಿ ಇಳಿದೆ. ಮುಂದಿನ ಎಡ ಚಕ್ರದ ಹತ್ತಿರ ಕೈ ಒಯ್ದರೆ ಒಲೆಯ ಬಾಯಿಯ ಹಾಗೆ ಬಿಸಿ. ಬಲದ್ದು ಸ್ವಲ್ಪ ಬೆಚ್ಚಗೆ, ಅಷ್ಟೆ. ಮಗ ನೀರಿನ ಬಾಟ್ಲಿ ಹಿಡಿದು ಬಂದ. ಬೇಡ ಅಂದೆ. ಕಾದ ಬ್ರೇಕ್ ಡಿಸ್ಕಿಗೆ ತಣ್ಣೀರು ಬಿದ್ದರೆ ಬಿರುಕು ಬಿಡಬಹುದು. ಆರುವ ತನಕ ಕೂತು, ಮೆಲ್ಲ ಪೆರ್ಲಕ್ಕೆ ತಂದೆ.

ಒಂದು ತಿಂಗಳಿಂದ ಗಾಡಿ ಎಡಕ್ಕೆ ಎಳೆಯುತ್ತಿತ್ತು. ನನಗೆ ಗೊತ್ತಿತ್ತು. ಮಳೆ ಬಿಟ್ಟಾಗ ತೋಟಕ್ಕೆ ಮದ್ದು ಬಿಡಬೇಕು, ಜನ ಸಿಗುವುದಿಲ್ಲ ಅಂತ ದಿನ ದೂಡಿದೆ.

ಗ್ಯಾರೇಜಿನ ಅಣ್ಣ ಚಕ್ರ ಬಿಚ್ಚಿ, ಮಾತಾಡದೆ ಬ್ರೇಕ್ ಪ್ಯಾಡನ್ನು ನನ್ನ ಕೈಗೆ ಕೊಟ್ಟರು. ಬರೀ ಕಬ್ಬಿಣ ಉಳಿದಿತ್ತು.

"ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನ ಪಿಸ್ಟನ್ ಹಿಂದೆ ಹೋಗುವುದಿಲ್ಲ ಭಟ್ರೇ. ರಬ್ಬರ್ ಹರಿದು ನೀರು ಹೋಗಿದೆ. ನೀವು ಕಾಲು ತೆಗೆದರೂ ಪ್ಯಾಡ್ ಡಿಸ್ಕನ್ನು ಕಚ್ಚಿಕೊಂಡೇ ಇರುತ್ತದೆ."

"ತುಕ್ಕು ಉಜ್ಜಿ ಹಾಕಿದರೆ ಆಗದಾ?"

"ಪಿಸ್ಟನ್ನಿನಲ್ಲಿ ಗುಂಡಿ ಬಿದ್ದಿದೆ. ಹೊಸತೇ ಹಾಕುವ. ಬ್ರೇಕ್ ಆಯಿಲ್ ಬದಲಾಯಿಸಿ ಎಷ್ಟು ಸಮಯ ಆಯ್ತು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಆಯಿಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ, ನಮ್ಮ ಊರಿನ ಮಳೆಗಾಲ ಬೇರೆ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸತಿದ್ದಾಗ 230 ಡಿಗ್ರಿಯ ತನಕ ಕುದಿಯಬಾರದು. ನೀರು ಸೇರಿದ ಮೇಲೆ 155 ತಡೆದರೆ ಸಾಕು ಅಂತ ಲೆಕ್ಕ. ಚಕ್ರ ಹಾಗೆ ಕಾದಿರುವಾಗ ಅದು ಕುದಿದು ಆವಿಯಾದರೆ ಪೆಡಲ್ ತುಳಿದದ್ದೆಲ್ಲ ಆವಿಯನ್ನು ಒತ್ತುವುದಕ್ಕೇ ಹೋಗುತ್ತದೆ. ಬ್ರೇಕ್ ಹಿಡಿಯುವುದಿಲ್ಲ. ಮಗ ಪಕ್ಕದಲ್ಲೇ ಕೂತಿದ್ದ.

ಸಾಮಾನು ಕಾಸರಗೋಡಿನಿಂದ ಬಸ್ಸಿನಲ್ಲಿ ಬಂತು. ಕ್ಯಾಲಿಪರ್, ಎರಡೂ ಚಕ್ರಕ್ಕೆ ಪ್ಯಾಡ್, ಗೀರು ಬಿದ್ದಿದ್ದಕ್ಕೆ ಡಿಸ್ಕ್. ಆಯಿಲ್ ಬರುವ ಹೋಸಿನ ಬೋಲ್ಟಿಗೆ ಹೊಸ ತಾಮ್ರದ ವಾಷರ್ ಎರಡು. ಹಳೆಯದನ್ನೇ ಹಾಕಿದರೆ ಆಯಿಲ್ ಸೋರುತ್ತದಂತೆ. ಆಯಿಲಿನೊಳಗಿನ ಗಾಳಿ ಹೊರಗೆ ಬಿಡುವ ನಿಪ್ಪಲ್ ಮೇಲ್ಗಡೆ ಇದೆಯಾ ಅಂತ ಅಣ್ಣ ಎರಡು ಸಲ ನೋಡಿದರು. ಎಡ-ಬಲ ತಪ್ಪಿ ಕೆಳಗೆ ಬಂದರೆ ಗಾಳಿ ಒಳಗೇ ಉಳಿಯುತ್ತದೆ.

ಗಾಳಿ ತೆಗೆಯಲು ಮಗನನ್ನು ಡ್ರೈವರ್ ಸೀಟಿಗೆ ಹತ್ತಿಸಿದರು. "ಒತ್ತು. ಹಿಡ್ಕೋ." ನಿಪ್ಪಲ್ ಸಡಿಲಿಸಿದಾಗ ಪೈಪಿನಲ್ಲಿ ಗುಳ್ಳೆ, ಕಪ್ಪು ಆಯಿಲ್. ಬಿಗಿ ಮಾಡಿ, "ಈಗ ಬಿಡು." ಹೊಸ ಆಯಿಲಿನ ಬಣ್ಣ ಬರುವ ತನಕ ಅದೇ. ಅವನ ಕಾಲು ಪೆಡಲಿಗೆ ಎಟುಕುತ್ತದೆ ಅಂತ ನಾನು ಇವತ್ತೇ ನೋಡಿದ್ದು. ಯಾವಾಗ ಇಷ್ಟು ಉದ್ದ ಆದ?

ಮನೆಗೆ ಬಂದವನೇ ಟಾರ್ಚ್ ಹಿಡಿದು ಹೋಗಿ ಮುಂದಿನ ಎರಡೂ ಚಕ್ರ ಮುಟ್ಟಿದೆ. ಒಂದೇ ತರ ಬೆಚ್ಚಗಿವೆ. ಇವಳಿಗೆ ವಾಸನೆಯ ವಿಷಯ ಇನ್ನೂ ಹೇಳಿಲ್ಲ. ಹಿಂದಿನ ಡ್ರಮ್ ಬಿಚ್ಚಿಸಲೂ ಇಲ್ಲ, ಅಷ್ಟರಲ್ಲಿ ಕತ್ತಲೆ ಆಗಿತ್ತು. ಸೋಮವಾರ ಮದ್ದು ಬಿಡುವವರು ಬರುತ್ತಾರೆ, ಆದರೂ ಮೊದಲು...