ಕೆರೆ ದಂಡೆಯ ಒಂಬತ್ತು ಪಕ್ಕೆಲುಬುಗಳು

ಹುಬ್ಬಳ್ಳಿಯಲ್ಲಿ ಕಟ್ಟಡಗಳ ಸ್ಟ್ರಕ್ಚರಲ್ ವಿನ್ಯಾಸ ಮಾಡಿಕೊಡುವ ನನ್ನ ಬಳಿಗೆ ಕೆಲವು ವರ್ಷಗಳ ಹಿಂದೆ ಊರಿನ ಪೂರ್ವಕ್ಕಿರುವ ಒಂದು ಕಾಲೇಜಿನ ಜೀವಶಾಸ್ತ್ರ ಅಧ್ಯಾಪಕರು ಒಂದು ಛಾಯಾಚಿತ್ರ ಹಿಡಿದು ಬಂದರು. ಅದು ಇಂಗ್ಲೆಂಡಿನ ಶ್ರೂಸ್‌ಬರಿಯಲ್ಲಿ ಸೆವರ್ನ್ ನದಿಯ ದಂಡೆಗಿರುವ ‘ಕ್ವಾಂಟಮ್ ಲೀಪ್’ ಎಂಬ ಶಿಲ್ಪದ ಚಿತ್ರ. ಚಾರ್ಲ್ಸ್ ಡಾರ್ವಿನ್ 1809ರ ಫೆಬ್ರುವರಿ 12ರಂದು ಹುಟ್ಟಿದ್ದು ಅದೇ ಊರಿನಲ್ಲಿ. ಅವನು ಹುಟ್ಟಿ ಇನ್ನೂರು ವರ್ಷವಾದ ನೆನಪಿಗೆ ಮಾಡಿಸಿದ ಈ ಶಿಲ್ಪವನ್ನು 2009ರ ಅಕ್ಟೋಬರ್‌ನಲ್ಲಿ ಅವನ ಮೊಮ್ಮಗಳ ಮೊಮ್ಮಗ ರ್ಯಾಂಡಲ್ ಕೇನ್ಸ್ ಅನಾವರಣಗೊಳಿಸಿದರು. ಕಾಲೇಜಿನ ಕೆರೆಯ ದಂಡೆಗೆ ಅದೇ ಬಗೆಯ, ಆದರೆ ಪುಟ್ಟದೊಂದು ರಚನೆ ಬೇಕೆಂಬುದು ಅಧ್ಯಾಪಕರ ಆಸೆಯಾಗಿತ್ತು.

ಶ್ರೂಸ್‌ಬರಿಯ ಗ್ರಂಥಾಲಯದ ಮುಂದೆ ಕುರ್ಚಿಯಲ್ಲಿ ಕುಳಿತ ಡಾರ್ವಿನ್ನನ ಕಂಚಿನ ಪ್ರತಿಮೆ 1897ರಿಂದಲೇ ಇದೆ. ನದಿಯ ದಂಡೆಯ ಶಿಲ್ಪದಲ್ಲಿ ಮುಖವೂ ಇಲ್ಲ, ಗಡ್ಡವೂ ಇಲ್ಲ. ಕಾಂಕ್ರೀಟಿನ ಪಕ್ಕೆಲುಬುಗಳು ಸಾಲಾಗಿ ಎದ್ದು, ಬಾಗಿ, ಮತ್ತೆ ನೆಲಕ್ಕಿಳಿಯುವ ಆ ರಚನೆಯ ಎತ್ತರ 12 ಮೀಟರ್, ಉದ್ದ 17.5 ಮೀಟರ್. ಅದರಲ್ಲಿ ಒಬ್ಬರಿಗೆ ಬೆನ್ನೆಲುಬು ಕಂಡರೆ ಇನ್ನೊಬ್ಬರಿಗೆ ಡಿಎನ್‌ಎ ಸುರುಳಿ ಕಾಣುತ್ತದೆ. ಊರಿನ ಜನ ಅದಕ್ಕೆ ಮೆಟ್ಟಿಲಿಳಿಯುವ ‘ಸ್ಲಿಂಕಿ’ ಆಟಿಕೆಯ ಹೆಸರನ್ನೇ ಇಟ್ಟುಬಿಟ್ಟಿದ್ದಾರೆ. ಉಣಕಲ್ ಕೆರೆಯ ವಿವೇಕಾನಂದರ, ಗದಗಿನ ಭೀಷ್ಮ ಕೆರೆಯ ಬಸವಣ್ಣನವರ ಮೂರ್ತಿಗಳನ್ನು ನೋಡಿ ರೂಢಿಯಾದ ನಮಗೆ ಇಂಥದ್ದು ಹೊಸತು. ಒಂದೇ ಪೀಠದ ಮೇಲೆ ನಿಂತ ಮೂರ್ತಿ ಅರ್ಧ ಅಂಗುಲ ವಾಲಿದರೂ ಯಾರ ಕಣ್ಣಿಗೂ ಬೀಳುವುದಿಲ್ಲ. ಪಕ್ಕೆಲುಬುಗಳ ಸಾಲಿನಲ್ಲಾದರೋ ನಡುವಿನ ಸಂದುಗಳೇ ಶಿಲ್ಪ. ಒಂದು ಸಂದು ಹಿಗ್ಗಿ ಪಕ್ಕದ್ದು ಕುಗ್ಗಿದರೆ ದಾರಿಹೋಕನಿಗೂ ಗೊತ್ತಾಗುತ್ತದೆ. ಈ ಮಾತು ನನಗೆ ಹೊಳೆದದ್ದು ಕೆಲಸ ಕೆಟ್ಟ ಮೇಲೆ.

ನಮ್ಮದು ಮೂರು ಮೀಟರ್ ಎತ್ತರದ, ಒಂಬತ್ತು ಪಕ್ಕೆಲುಬುಗಳ ಸಾಲು. ನೀರಿನ ಅಂಚಿನಿಂದ ರಸ್ತೆಯ ಕಡೆಗೆ ಸಾಗುವಂಥದ್ದು. ಎರಡು ತಿಂಗಳು ನಾನು ಅಚ್ಚುಗಳ ಹಿಂದೆಯೇ ಬಿದ್ದೆ. ಬಾಗು ಸರಿಯಾಗಿ ಬರಲಿ, ಒಳಗಿನ ಕಬ್ಬಿಣದ ಸಳಿಯನ್ನು ಮುಚ್ಚುವ ಕಾಂಕ್ರೀಟಿನ ಪದರ, ಅಂದರೆ ಕವರ್, ಕಡಿಮೆಯಾಗದಿರಲಿ, ಮೇಲ್ಮೈಯಲ್ಲಿ ಗಾಳಿಗುಳ್ಳೆ ಉಳಿಯದಿರಲಿ ಎಂದು ಬಡಿಗೇರರನ್ನೂ ಗೌಂಡಿಗಳನ್ನೂ ಕಾಡಿದ್ದೇ ಕಾಡಿದ್ದು. ಬುನಾದಿಗೆ ಮಾತ್ರ ಅರ್ಧ ದಿನ ಕೊಟ್ಟೆ. ಏಪ್ರಿಲ್‌ನಲ್ಲಿ ಒಂದೇ ಒಂದು ಗುಂಡಿ ತೋಡಿಸಿದೆ, ಅದೂ ಅಗೆಯಲು ಸುಲಭವೆಂದು ನೀರಿನ ಬದಿಗೆ. ಖರ್ಚು ಉಳಿಯಲೆಂದು ಪ್ರತಿ ಪಕ್ಕೆಲುಬಿಗೂ ಬೇರೆ ಬೇರೆ ಫುಟಿಂಗ್ (ಬುನಾದಿಯ ಹಾಸು) ಕೊಟ್ಟು 1.2 ಮೀಟರ್ ಆಳಕ್ಕೆ ನಿಲ್ಲಿಸಿದೆ.

ಧಾರವಾಡದ ಪಶ್ಚಿಮಕ್ಕೆ ಕೆಂಪು ಮಣ್ಣಾದರೆ ಹುಬ್ಬಳ್ಳಿಯ ಪೂರ್ವಕ್ಕೆ ಅಪ್ಪಟ ಎರೆ ಭೂಮಿ. ಬೇಸಿಗೆಯಲ್ಲಿ ಕುಗ್ಗಿ ಕೈ ತೂರುವಷ್ಟು ಬಿರಿಯುವ ಈ ಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆಂದು ತಿಳಿಯದ ಎಂಜಿನಿಯರ್ ಈ ಭಾಗದಲ್ಲಿಲ್ಲ, ನನಗೂ ತಿಳಿದಿತ್ತು. ಆದರೆ ಕೆರೆಯ ಅಂಚಿನ ಮಣ್ಣು ವರ್ಷವಿಡೀ ಹಸಿಯಾಗಿದ್ದು ಹೆಚ್ಚು ಅಲುಗಾಡುವುದಿಲ್ಲ, ಹತ್ತು ಮೀಟರ್ ಆಚೆಯ ರಸ್ತೆ ಬದಿಯ ಅದೇ ಮಣ್ಣು ಮಾತ್ರ ಪ್ರತಿ ವರ್ಷ ಏರಿಳಿಯುತ್ತದೆ ಎಂಬುದನ್ನು ನಾನು ಯೋಚಿಸಿರಲಿಲ್ಲ. ಮೊದಲ ಮಳೆಗಾಲ ಮುಗಿಯುವ ಹೊತ್ತಿಗೆ ನೀರಿನ ಬದಿಯ ಮೂರು ಪಕ್ಕೆಲುಬುಗಳು ನೆಟ್ಟಗಿದ್ದವು, ಉಳಿದವು ಒಂದೊಂದು ಕಡೆಗೆ ವಾಲಿದ್ದವು. ತುದಿಯಲ್ಲಿ 40 ಮಿಲಿಮೀಟರ್ ಇರಬೇಕಾದ ಸಂದು ಒಂದು ಕಡೆ 55, ಅದರ ಪಕ್ಕದಲ್ಲೇ 25. ಹಿರಿಯ ಗೌಂಡಿಯೊಬ್ಬರು ನೋಡಿ, “ಸಾಹೇಬ್ರ, ನೀರ ಕಡಿ ಮಣ್ಣ ಮಲಗೇತ್ರಿ, ರಸ್ತಾ ಕಡಿ ಮಣ್ಣ ಎದ್ದು ಕುಂತೈತ್ರಿ” ಎಂದರು. “ಮೊದಲ ಯಾಕ ಹೇಳಲಿಲ್ಲ ಕಾಕಾ?” ಎಂದೆ. “ನೀವು ಕೇಳಲಿಲ್ಲಲ್ರಿ” ಎಂದರು.

ಆಮೇಲೆ ಮಾಡಿದ ಪರೀಕ್ಷೆ ತೀರ ಸರಳವಾದದ್ದು. ಒಣಗಿಸಿ ಜರಡಿ ಹಿಡಿದ ಹತ್ತು ಹತ್ತು ಗ್ರಾಂ ಮಣ್ಣನ್ನು ಎರಡು ಗಾಜಿನ ಕೊಳವೆಗಳಿಗೆ ಹಾಕಿ, ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ ತುಂಬಿ 24 ತಾಸು ಬಿಡುವುದು. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲವಾದ್ದರಿಂದ ಎರಡರ ವ್ಯತ್ಯಾಸವೇ ಮಣ್ಣಿನ ಉಬ್ಬುವ ಗುಣವನ್ನು ಹೇಳುತ್ತದೆ. ಮರುದಿನ ಆ ಎರಡು ಕೊಳವೆಗಳನ್ನು ಅಧ್ಯಾಪಕರ ಮುಂದಿಟ್ಟು ತಪ್ಪು ನನ್ನದೆಂದು ಒಪ್ಪಿಕೊಂಡೆ; ಎರಡನೆಯ ಸಲದ ಕೆಲಸಕ್ಕೆ ಶುಲ್ಕ ತೆಗೆದುಕೊಳ್ಳಲಿಲ್ಲ. ಡಾರ್ವಿನ್ ಬಾಲಕನಾಗಿದ್ದಾಗ ಶ್ರೂಸ್‌ಬರಿಯ ‘ಬೆಲ್ ಸ್ಟೋನ್’ ಎಂಬ ದೊಡ್ಡ ಬಂಡೆಯನ್ನು ತೋರಿಸಿದ ಹಿರಿಯರೊಬ್ಬರು, ಇದು ಇಲ್ಲಿಗೆ ಹೇಗೆ ಬಂತೆಂದು ಯಾರಾದರೂ ವಿವರಿಸುವ ಮೊದಲು ಲೋಕವೇ ಮುಗಿದುಹೋದೀತು ಎಂದಿದ್ದರಂತೆ. ಆ ಬಂಡೆಯ ಮುಂದೆ ಹುಡುಗ ತಲೆಕೆಡಿಸಿಕೊಂಡದ್ದನ್ನು ಅಧ್ಯಾಪಕರು ನನಗೆ ಹೇಳಿದ್ದು ಅಂದೇ. ಚುಚ್ಚಲೆಂದು ಹೇಳಿದರೋ ಸಮಾಧಾನಕ್ಕೆಂದೋ ತಿಳಿಯಲಿಲ್ಲ.

ಒಂಬತ್ತನ್ನೂ ಎತ್ತಿಸಿ, ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಎರೆ ಭೂಮಿಗೆಂದೇ ರೂಪಿಸಿದ ಅಂಡರ್‌ರೀಮ್ಡ್ ಪೈಲ್‌ಗಳನ್ನು 3.5 ಮೀಟರ್ ಆಳಕ್ಕೆ ಇಳಿಸಿದೆವು. ತಳದಲ್ಲಿ ಗಡ್ಡೆಯಂತೆ ಅಗಲಗೊಳ್ಳುವ ಈ ಕಂಬವನ್ನು ಮೇಲಿನ ಮಣ್ಣು ಉಬ್ಬಿ ಎಳೆದರೂ ಆಳದ ಮಣ್ಣು ಬಿಡುವುದಿಲ್ಲ. ಅವುಗಳ ಮೇಲೆ ಒಂದೇ ತೊಲೆ ಹಾಕಿ, ತೊಲೆಯ ಕೆಳಗೆ ಮಣ್ಣು ಉಬ್ಬಲು ಮೂರು ಅಂಗುಲ ಖಾಲಿ ಬಿಟ್ಟು, ಪಕ್ಕೆಲುಬುಗಳನ್ನು ಮತ್ತೆ ಕೂರಿಸಿದೆವು. ಆಮೇಲೆ ಎರಡು ಮಳೆಗಾಲ ಕಳೆದಿವೆ. ದಸರೆಯ ಹೊತ್ತಿಗೆ ಹೋಗಿ ಅಳೆದಾಗಲೆಲ್ಲ ಸಂದುಗಳು 40ರಲ್ಲೇ ಇವೆ. ಒಂಬತ್ತನೆಯದನ್ನು ಎತ್ತುವಾಗ ಮಾತ್ರ ಅದರ ಅಂಚು ಒಡೆದಿತ್ತು. ಹಾಕಿದ ತೇಪೆಯ ಬಣ್ಣ ಕೂಡಲಿಲ್ಲ; ಸಂಜೆಯ ಬಿಸಿಲಿನಲ್ಲಿ ಅದು ಈಗಲೂ ಎದ್ದು ಕಾಣುತ್ತದೆ.