ಹಲಸಿನ ಹಲಗೆ ಮತ್ತು ಹದಿನಾಲ್ಕು ಚಿಲ್ಲರೆ ಡಿಗ್ರಿ

ನಿನ್ನೆ ರಾತ್ರಿ ಹತ್ತೂವರೆಗೆ, ಸುತ್ತಲಿನ ಅಡಿಕೆ ತೋಟಗಳ ಪಂಪುಗಳೆಲ್ಲ ಸುಮ್ಮನಾಗಿ ವೋಲ್ಟೇಜ್ 220 ಮುಟ್ಟಿದ ಮೇಲೆ, ತೂಗುಮಣೆಯ ಎರಡನೆಯ ಹಲಗೆ, ದಪ್ಪ ಸಮ ಮಾಡುವ ಪ್ಲೇನರ್ ಮಷೀನಿನಿಂದ, ಅಂದರೆ ಥಿಕ್‌ನೆಸರಿನಿಂದ ಹೊರಬಂತು. ಟಾರ್ಚನ್ನು ಓರೆಯಾಗಿ ಹಿಡಿದು ಈ ತುದಿಯಿಂದ ಆ ತುದಿಯವರೆಗೆ ನೋಡಿದೆ. ಕಿತ್ತುಬಂದ ಎಳೆ ಒಂದೂ ಇಲ್ಲ. ಹೆಂಡತಿಯನ್ನು ಎಬ್ಬಿಸಿ ತೋರಿಸಿದರೆ, "ಮೊನ್ನೆಯೂ ಹೀಗೇ ಇತ್ತಲ್ಲ" ಎಂದು ಹೇಳಿ ಮತ್ತೆ ಮಲಗಿದಳು. ಮೊನ್ನೆ ಹೀಗಿರಲಿಲ್ಲ. ಐದು ವಾರಗಳ ಜಗಳ ಇದು.

ಮರ ನಮ್ಮ ಹಿತ್ತಲಿನದೇ. ಗಾಳಿಗೆ ಉರುಳಿದ ಹಲಸು, ಸಾಮಿಲ್ಲಿನಲ್ಲಿ ಕ್ವಾರ್ಟರ್ ಸೀಳು (ದಿಮ್ಮಿಯನ್ನು ತಿರುಳಿನಿಂದ ತೊಗಟೆಯ ಕಡೆಗೆ ಸೀಳುವುದು) ಹಾಕಿಸಿ ಎರಡು ವರ್ಷ ಅಟ್ಟದ ಮೇಲೆ ಪಟ್ಟಿ ಕೊಟ್ಟು ಒಣಗಿಸಿದ್ದು. ತೇವ 12 ಪ್ರತಿಶತಕ್ಕೆ ಇಳಿದಿತ್ತು. ಒಂಬತ್ತು ಇಂಚು ಅಗಲದ ಎರಡು ಹಲಗೆ, ಜೋಡಿಸಿದರೆ ಇಬ್ಬರು ಆರಾಮಾಗಿ ಕೂರುವ ಮಣೆ. ಒಂದು ಮುಖ ಮಟ್ಟ ಮಾಡಿದ್ದು, ಅಂಚು ನೇರ ಮಾಡಿದ್ದು ಎಲ್ಲರೂ ಮಾಡುವ ಕೆಲಸ, ಬಿಡಿ.

ಗ್ರಹಚಾರ ಶುರುವಾದದ್ದು ಥಿಕ್‌ನೆಸರಿನಲ್ಲಿ. ಹಲಸಿನ ಎಳೆ ಒಂದೇ ಕಡೆಗೆ ಬಾಗಿರುವುದಿಲ್ಲ. ಕೆಲವು ವರ್ಷ ಬಲಕ್ಕೆ ಸುತ್ತಿಕೊಂಡು ಬೆಳೆಯುತ್ತದೆ, ಕೆಲವು ವರ್ಷ ಎಡಕ್ಕೆ. ಕ್ವಾರ್ಟರ್ ಸೀಳಿದರೆ ಇದೇ ಚಂದದ ಪಟ್ಟೆಗಳಾಗಿ ಕಾಣುತ್ತದೆ, ಹಳದಿ ರೇಷ್ಮೆ ಸೀರೆಯ ಮಡಿಕೆಯಂತೆ. ಆ ಚಂದಕ್ಕೆ ತೆರುವ ಬೆಲೆಯೂ ಅಲ್ಲೇ ಇದೆ. ಹಲಗೆಯನ್ನು ಒಂದು ಕಡೆಯಿಂದ ಕೊಟ್ಟರೆ ಒಂದು ಪಟ್ಟೆ ಗಾಜಿನಂತೆ ನುಣುಪು, ಪಕ್ಕದ ಪಟ್ಟೆಯಲ್ಲಿ ಮೀನಿನ ಹುರುಪೆ ಎದ್ದಂತೆ ಗುಳಿಗಳು. ತಿರುಗಿಸಿ ಕೊಟ್ಟರೆ ಗುಳಿಬಿದ್ದ ಪಟ್ಟೆ ನುಣುಪಾಗಿ, ನುಣುಪಾಗಿದ್ದದ್ದು ಹುರುಪೆಯಾಗುತ್ತದೆ. ಗುಳಿ ಅರ್ಧ ಮಿಲಿಮೀಟರ್ ಆಳ. ಅದನ್ನು ತೆಗೆಯಲು ಅರ್ಧ ಮಿಲಿಮೀಟರ್ ಕೆರೆದರೆ ಕೆಳಗೆ ಹೊಸ ಗುಳಿ. ಎರಡು ಇಂಚಿನ ಹಲಗೆ ಹೀಗೆಯೇ ಒಂದು ಇಂಚು ಆರು ನೂಲಿಗೆ (ಎಂಟು ನೂಲಿಗೆ ಒಂದು ಇಂಚು) ಇಳಿಯಿತು.

ನಿಮಗೆಲ್ಲ ಗೊತ್ತಿರುವ ಉಪಾಯಗಳನ್ನೆಲ್ಲ ಮಾಡಿದೆ. ಕಾಲು ಮಿಲಿಮೀಟರ್ ಕಚ್ಚು, ಹಲಗೆಯನ್ನು ಓರೆಯಾಗಿ ಕೊಡುವುದು, ಹೊಸ ಗಟ್ಟಿ ಉಕ್ಕಿನ (ಎಚ್‌ಎಸ್‌ಎಸ್) ಬ್ಲೇಡು, ಒದ್ದೆ ಬಟ್ಟೆಯಲ್ಲಿ ಒರೆಸಿ ಎಳೆ ಮೆತ್ತಗಾದ ಮೇಲೆ ಕೊಡುವುದು. ಒದ್ದೆ ಬಟ್ಟೆಯಿಂದ ಸ್ವಲ್ಪ ಗುಣ ಕಂಡಿತು, ಜೊತೆಗೆ ಕೈ, ಅಂಗಿ, ಪ್ಲೇನರಿನ ಟೇಬಲ್ ಎಲ್ಲ ಅರಿಶಿನದ ಬಣ್ಣವಾಯಿತು. ಬೌದ್ಧ ಭಿಕ್ಷುಗಳ ಬಟ್ಟೆಗೆ ಹಲಸಿನ ಚೇಗಿನಿಂದಲೇ ಬಣ್ಣ ಹಾಕುತ್ತಿದ್ದರು ಎಂಬುದಕ್ಕೆ ನನಗೆ ಬೇರೆ ಸಾಕ್ಷಿ ಬೇಡ.

ಉದ್ದ ಬ್ಲೇಡಿನ ಬದಲು ಸಣ್ಣ ಸಣ್ಣ ಬ್ಲೇಡುಗಳು ಸುರುಳಿಯಾಗಿ ಕೂತಿರುವ ಸ್ಪೈರಲ್ ಕಟರ್ ಹಾಕಿಸಿ ಎನ್ನುವವರಿಗೆ ಒಂದು ಮಾತು. ವಿಚಾರಿಸಿದೆ. ಹೇಳಿದ ಬೆಲೆಗೆ ನಾನು ಈ ಮಷೀನನ್ನೇ ಸೆಕೆಂಡ್ ಹ್ಯಾಂಡ್ ಕೊಂಡಿದ್ದೆ. ಆದರೂ ಹಲ್ಲು ಕಚ್ಚಿ ಮುಂಗಡ ಕೊಟ್ಟೆ. ಯುಗಾದಿಯಿಂದ ಅದು "ಮುಂದಿನ ವಾರ" ಬರುತ್ತಿದೆ. ಒಮ್ಮೆ ಬಂದೂ ಬಂತು, ಶಾಫ್ಟಿನ ಅಳತೆ ಬೇರೆ. ವಾಪಸು ಕಳಿಸುವ ಬಾಡಿಗೆ ನನ್ನದೇ ಅಂತೆ.

ದಾರಿ ತೋರಿಸಿದ್ದು ಹಳೆಯ ಗರಗಸದ ತುಂಡಿನಿಂದ ಮಾಡಿಕೊಂಡ ಸ್ಕ್ರೇಪರ್, ಮರ ಕೆರೆಯುವ ಉಕ್ಕಿನ ತಗಡು. ಬೇಸರಕ್ಕೆ ಗುಳಿಬಿದ್ದ ಪಟ್ಟೆಯ ಮೇಲೆ ಅದನ್ನು ಎಳೆದೆ, ಎರಡೂ ದಿಕ್ಕಿಗೆ. ಎಲ್ಲಿಯೂ ಕೀಳಲಿಲ್ಲ. ಅದೇ ಮರ, ಅದೇ ಎಳೆ, ಅದಕ್ಕಿಂತ ಕಳಪೆ ಉಕ್ಕು. ವ್ಯತ್ಯಾಸ ಒಂದೇ: ಸ್ಕ್ರೇಪರ್ ಹೆಚ್ಚುಕಡಿಮೆ ನೆಟ್ಟಗೆ ನಿಂತು ಕೆರೆಯುತ್ತದೆ. ಪ್ಲೇನರ್ ಬ್ಲೇಡು ನೆಟ್ಟಗಿನಿಂದ ಸುಮಾರು ಮೂವತ್ತು ಡಿಗ್ರಿ ಬಾಗಿ, ಬೆಣೆಯಂತೆ ಎಳೆಯ ಅಡಿಗೆ ನುಗ್ಗಿ ಎಬ್ಬಿಸುತ್ತದೆ. ಎದ್ದ ಎಳೆ ಬ್ಲೇಡಿಗಿಂತ ಮುಂದೆ ಓಡಿ ಸೀಳುತ್ತದೆ. ಬ್ಲೇಡು ಇನ್ನಷ್ಟು ನೆಟ್ಟಗಿದ್ದರೆ ಸೀಳು ಓಡುವ ಮೊದಲೇ ಚೆಕ್ಕೆ ಮುರಿಯುತ್ತದೆ.

ಬ್ಲೇಡುಗಳನ್ನು ಹಿಡಿದು ತಿರುಗುವ ಕಟರ್ ಬ್ಲಾಕನ್ನು ಬದಲಾಯಿಸುವಂತಿಲ್ಲ. ಆದರೆ ಬ್ಲೇಡಿನ ಚಪ್ಪಟೆ ಮುಖದಲ್ಲಿ, ಅಂಚಿಗೆ ಮಾತ್ರ, ಇನ್ನೊಂದು ಸಣ್ಣ ಇಳಿಜಾರು ಕೊಡಬಹುದು. ಮರಕ್ಕೆ ಕಾಣುವುದು ಆ ಅಂಚಷ್ಟೇ, ಅದರ ಮಟ್ಟಿಗೆ ಬ್ಲೇಡು ನೆಟ್ಟಗಾದಂತೆ. ನಂದಿ ಮರದ ತುಂಡಿನಲ್ಲಿ ನಾಲ್ಕು ಇಂಚಿಗೆ ಒಂದು ಇಂಚು ಏರುವ ಬೆಣೆ ಕೊಯ್ದೆ. ಲೆಕ್ಕಕ್ಕೆ ಹದಿನಾಲ್ಕು ಚಿಲ್ಲರೆ ಡಿಗ್ರಿ, ಹದಿನೈದೇ ಎನ್ನೋಣ. ಹರಿತದ ಅಂಚು ಎತ್ತರದ ಕಡೆಗೆ ಬರುವಂತೆ ಬ್ಲೇಡನ್ನು ಬೆಣೆಗೆ ಬಿಗಿದು, ಎದುರಿಗೆ ಅದೇ ಎತ್ತರದ ಪಟ್ಟಿ ನಿಲ್ಲಿಸಿ, ಎರಡರ ಮೇಲೂ ಕೂರುವಂತೆ ಡೈಮಂಡ್ ಪ್ಲೇಟನ್ನು (ವಜ್ರದ ಪುಡಿ ಹತ್ತಿಸಿದ ಸಾಣೆ ತಗಡು) ಆಡಿಸಿದೆ. ಮೊದಲು ಅಂಚಿನಲ್ಲಿ ಒಂದು ಬಿಳಿ ಗೆರೆ, ಆಮೇಲೆ ಅದು ಹೊಳೆಯುವ ರಿಬ್ಬನ್ನು. ಒಂದು ಮಿಲಿಮೀಟರ್ ಅಗಲವಾದಾಗ ನಿಲ್ಲಿಸಿದೆ. ಮೂರು ಬ್ಲೇಡಿಗೆ ಒಂದು ಭಾನುವಾರ ಹೋಯಿತು.

ಮೊದಲ ಹಲಗೆ ಆವತ್ತೇ ನುಣುಪಾಗಿ ಬಂತು. ಆದರೆ ನೆಟ್ಟಗಾದ ಬ್ಲೇಡಿಗೆ ಹೆಚ್ಚು ಬಲ ಬೇಕು, ಮೋಟಾರು ಬೈಯುತ್ತದೆ. ಮೂರು ಎಚ್‌ಪಿ ಸಿಂಗಲ್ ಫೇಸು, ಸಂಜೆ ವೋಲ್ಟೇಜ್ 190ಕ್ಕೆ ಇಳಿದಾಗ ಬ್ರೇಕರ್ ಬಿದ್ದೇ ಬೀಳುತ್ತದೆ. ರಾತ್ರಿ ಪಾಳಿ ಅದಕ್ಕೇ.

ಅಷ್ಟಕ್ಕೆ ಮುಗಿಯಬೇಕಿತ್ತು. ಪಕ್ಕದ ಮನೆಯವರ ಹಳೆಯ ಸಾಗುವಾನಿ ಪಕಾಸು "ಒಂದೇ ಒಂದು ಸಲ" ಹೊಡೆದುಕೊಡಲು ಒಪ್ಪಿದೆ. ಅದರೊಳಗೆ ಅವರ ಅಜ್ಜನ ಕಾಲದ ಮೊಳೆ ಕಾಯುತ್ತಿತ್ತು. ಮೂರೂ ಬ್ಲೇಡಿಗೆ ಹಲ್ಲು ಬಿತ್ತು. ಪೇಟೆಯ ಸಾಣೆ ಅಂಗಡಿಗೆ ಕಳಿಸಿದೆ. ವಾಪಸು ಬಂದ ಬ್ಲೇಡನ್ನು ಹಾಕಿ ಎರಡನೆಯ ಹಲಗೆ ಕೊಟ್ಟರೆ ಮತ್ತೆ ಹುರುಪೆ! ಬಿಚ್ಚಿ ನೋಡಿದೆ, ನನ್ನ ರಿಬ್ಬನ್ನು ಇಲ್ಲ. ಫೋನು ಮಾಡಿದೆ. "ಮುಖದ ಕಡೆ ಯಾರೋ ಕೆಡಿಸಿಟ್ಟಿದ್ದರು ಸರ್, ಅದನ್ನೂ ಫ್ಲಾಟ್ ಮಾಡಿದ್ದೇವೆ" ಎಂದರು, ಹೆಮ್ಮೆಯಿಂದ. ಬಿಲ್ಲಿನಲ್ಲಿ ಅದಕ್ಕೆ ಪ್ರತ್ಯೇಕ ಸಾಲು.

ಆ ಸಿಟ್ಟಿನಲ್ಲಿ ನಾಲ್ಕು ದಿನ ಪ್ಲೇನರ್ ಮುಟ್ಟಲಿಲ್ಲ, ಲೇತ್ ಮುಂದೆ ಕೂತೆ. ಮುಂದಿನ ಕೆಲಸ ಅಲ್ಲಿಂದಲೇ ಹುಟ್ಟಿದೆ: ಚನ್ನಪಟ್ಟಣದ ಬೊಂಬೆಗೆ ಬಳಸುವ ಹಾಲೆ ಮರದಲ್ಲಿ ಮಣೆಯ ನಾಲ್ಕು ಮೂಲೆಗೆ ಗುಬಟು. ಬೆಣ್ಣೆಯಂತೆ ಬಿಳಿ, ಉಳಿ ಇಟ್ಟರೆ ಸಾಕು, ಗಂಟು ಮುಖವಿಲ್ಲದ ಮರ. ತಿರುಗುವಾಗಲೇ ಅರಗಿನ ಕಡ್ಡಿ ಒತ್ತಿದರೆ ತಿಕ್ಕಾಟದ ಬಿಸಿಗೆ ಕರಗಿ ಹತ್ತಿಕೊಳ್ಳುತ್ತದೆ. ನನ್ನ ಮೊದಲ ಗುಬಟಿನಲ್ಲಿ ಅರಗು ಪಟ್ಟೆಪಟ್ಟೆಯಾಗಿ ನಿಂತಿತು. ಒಣಗಿದ ಕೇದಿಗೆ ಗರಿಯಿಂದ ಉಜ್ಜಿ ಹರಡಬೇಕು, ನಾನು ಹಳೆಯ ಬನಿಯನ್ನಿನಿಂದ ಉಜ್ಜಿದ್ದೆ. ಕೇದಿಗೆ ಸಿಕ್ಕ ಮೇಲೆ ಬರೆಯುತ್ತೇನೆ.

ಮತ್ತೆ ಬೆಣೆ, ಮತ್ತೆ ಪ್ಲೇಟು, ಇನ್ನೊಂದು ಭಾನುವಾರ, ನಿನ್ನೆ ರಾತ್ರಿಯ ಹಲಗೆ. ಎರಡೂ ಒಂದು ಇಂಚು ಐದು ನೂಲಿನಲ್ಲಿ ಸಮವಾಗಿವೆ. ಇವತ್ತು ಬೆಳಿಗ್ಗೆ ಎರಡನೆಯ ಸೆಟ್ ಬ್ಲೇಡನ್ನು ಸಾಣೆಗೆ ಕಳಿಸುವ ಮುನ್ನ ಚಪ್ಪಟೆ ಮುಖಕ್ಕೆಲ್ಲ ಕೆಂಪು ಎನಾಮಲ್ ಬಳಿದು, ಒಣಗಿದ ಮೇಲೆ "ಈ ಕಡೆ ಮುಟ್ಟಬೇಡಿ" ಎಂದು ಬರೆದೆ. ಈಗಷ್ಟೇ ಅಂಗಡಿಯಿಂದ ಫೋನು ಬಂತು.

"ಸರ್, ಬ್ಲೇಡಿಗೆ ಬಣ್ಣ ಹತ್ತಿದೆ. ಉಜ್ಜಿ ತೆಗೆಯೋಣವೇ?"