ನೂರು ಗ್ರಾಂ ರೇಟು

ಶನಿವಾರ ಪೋಷಕರ ಸಭೆಯಲ್ಲಿ ಪ್ಯಾಕೆಟ್ ಹಿಂದಿನ ಪಟ್ಟಿ ಓದೋದು ಹೇಗೆ ಅಂತ ಹೇಳಿಕೊಡುವ ಕೆಲಸ ನನ್ನ ಪಾಲಿಗೆ ಬಂತು. ಮಕ್ಕಳು ತಿನ್ನುವ ಏನಾದರೂ ತನ್ನಿ ಅಂದಿದ್ದೆ. ಮೇಜಿನ ಮೇಲೆ ಬಿಸ್ಕತ್ತು, ಕುರುಕಲು, ಹಾಲಿಗೆ ಹಾಕುವ ಪುಡಿ, ಎಲ್ಲಾ ಬಂದು ಬಿದ್ದವು.

ಒಬ್ಬ ಅಪ್ಪ, ಇಸ್ತ್ರಿ ಶರ್ಟಿನವರು, ಬಿಸ್ಕತ್ತಿನ ಪ್ಯಾಕೆಟ್ ತಿರುಗಿಸಿ, "ಸಕ್ಕರೆ ಬರೀ 4 ಗ್ರಾಂ ಮೇಡಂ, ಒಂದು ಚಮಚ. ಸುಮ್ನೆ ಹೆದರಿಸ್ತೀರಿ" ಅಂದರು. ಇಂಥವರು ಪ್ರತಿ ಸಭೆಗೂ ಒಬ್ಬರು ಇರುತ್ತಾರೆ.

ಆಗ ಹಿಂದಿನ ಬೆಂಚಿನಿಂದ ಸಂತೆಯಲ್ಲಿ ಟೊಮೆಟೊ ಮಾರುವ ಒಬ್ಬ ತಾಯಿ ಎದ್ದು ಬಂದರು. ಇಂಗ್ಲಿಷ್ ಬರಲ್ಲ, ಅಂಕಿ ಬರುತ್ತೆ. 100 ಅಂತಿದ್ದ ಸಾಲಿನ ಮೇಲೆ ಬೆರಳಿಟ್ಟು ಕೇಳಿದರು: "ಇದು ನೂರು ಗ್ರಾಂ ರೇಟಲ್ವಾ ಮಿಸ್? ಅವರು ಓದಿದ್ದು ಎರಡು ಬಿಸ್ಕತ್ತಿಂದು. ಎರಡು ತಿಂದು ಯಾರು ಎದ್ದೋಗ್ತಾರೆ?"

ನಾನು ಅರ್ಧ ಗಂಟೆ ಬೋರ್ಡಿನ ಮೇಲೆ ಒದ್ದಾಡಿದ್ದು ಇದನ್ನೇ. ನೂರು ಗ್ರಾಂಗೆ 26 ಗ್ರಾಂ ಸಕ್ಕರೆ. ಹತ್ತು ರೂಪಾಯಿಯ ಪ್ಯಾಕೆಟ್ 50 ಗ್ರಾಂ. ಅರ್ಧ ಮಾಡಿದರೆ 13, ಮೂರು ಚಮಚದ ಮೇಲಾಯಿತು. ಆ ತಾಯಿ ಬೆರಳು ಮಡಚದೆ ಹೇಳಿಬಿಟ್ಟರು. ದಿನವೂ ಕೆಜಿ ರೇಟನ್ನು ಕಾಲು, ಅರ್ಧ ಅಂತ ಒಡೆಯುವವರಿಗೆ ಇದೇನು ಮಹಾ! "ಎರಡು ತಿಂದು ಯಾರು ಎದ್ದೋಗ್ತಾರೆ" ಅನ್ನೋದು ಈ ವಾರವೆಲ್ಲಾ ಕಿವಿಯಲ್ಲೇ ಇದೆ.

ಆಮೇಲೆ ಇನ್ನೊಂದು ಕೇಳಿದರು. "ಕನ್ನಡದಲ್ಲಿ ಯಾಕೆ ಬರೆಯಲ್ಲ ಮಿಸ್?" ನಿಯಮದ ಪ್ರಕಾರ ಇಂಗ್ಲಿಷ್ ಅಥವಾ ಹಿಂದಿಯಲ್ಲಿದ್ದರೆ ಸಾಕು, ಬೇಕಾದರೆ ಬೇರೆ ಭಾಷೆಯನ್ನೂ ಸೇರಿಸಬಹುದು. ಯಾರಿಗೆ ಬೇಕಾಗಿದೆ ಹೇಳಿ? ಕನ್ನಡದ ಜಾಹೀರಾತು ಮಾತ್ರ ಟಿವಿಯಲ್ಲಿ ದಿನಾ ಬರುತ್ತೆ. ಕೊಳ್ಳಿ ಅನ್ನೋಕೆ ಕನ್ನಡ ಬೇಕು, ಒಳಗೇನಿದೆ ಅನ್ನೋಕೆ ಬೇಡ.

ನಾನೂ ದೊಡ್ಡವಳೇನಲ್ಲ. ರಾತ್ರಿ ಮನೆಯಲ್ಲಿ "ಮಲ್ಟಿಗ್ರೇನ್", ಅಂದರೆ ಹಲವು ಧಾನ್ಯದ್ದು ಅನ್ನುವ ಬಿಸ್ಕತ್ತು ತಿರುಗಿಸಿ ನೋಡಿದೆ. ಯಾವುದು ತೂಕದಲ್ಲಿ ಜಾಸ್ತಿಯೋ ಅದನ್ನು ಪಟ್ಟಿಯಲ್ಲಿ ಮೊದಲು ಬರೆಯಬೇಕು. ಮೊದಲು ಮೈದಾ, ಆಮೇಲೆ ಸಕ್ಕರೆ, ರಾಗಿ ಎಲ್ಲೋ ಕೊನೆಯಲ್ಲಿ. ಎರಡು ವರ್ಷದಿಂದ ತಿನ್ನಿಸುತ್ತಿದ್ದೇನೆ.

ಸಭೆ ಮುಗಿದ ಮೇಲೆ ಆ ತಾಯಿ ಮೇಜಿನ ಮೇಲಿದ್ದ ತಮ್ಮ ಪ್ಯಾಕೆಟ್ಟನ್ನು ಸೆರಗಿಗೆ ಹಾಕಿಕೊಂಡರು. ನಾನು ನೋಡುತ್ತಿರುವುದು ಕಂಡು ನಕ್ಕರು. "ಹತ್ತು ರೂಪಾಯಿ ಕೊಟ್ಟಿದೀನಲ್ಲ ಮಿಸ್, ಇವತ್ತೊಂದಿನ ತಿನ್ಲಿ ಬಿಡಿ."